ಊಟದ ದಿನ ಬೇರೆ, ತಿರುಗಾಟದ ದಿನ ಬೇರೆ

ಕೇಳುಗರೇ, ನಮಸ್ಕಾರ.

ರಜೆಗೆ ಬರುತ್ತೇವೆ ಅಂತ ನೆಂಟರು ಫೋನ್ ಮಾಡಿದಾಗ ನಮ್ಮ ಬಾಯಿಂದ ಬರುವ ಮೊದಲ ಮಾತು ಯಾವುದು? ‘ಬನ್ನಿ ಬನ್ನಿ, ನೋಡಿ ಎಷ್ಟು ದಿನ ಆಯ್ತು!’ ಫೋನ್ ಇಟ್ಟ ಮೇಲೆ ಬರುವ ಮೊದಲ ಮಾತು? ‘ಒಟ್ಟು ಎಷ್ಟು ಜನ ಬರ್ತಾರಂತೆ?’ ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಅಂತ ಹಿರಿಯರು ಸುಮ್ನೆ ಹೇಳಲಿಲ್ಲ. ಪ್ರೀತಿಯೂ ಸುಳ್ಳಲ್ಲ, ಲೆಕ್ಕವೂ ತಪ್ಪಲ್ಲ. ಆ ಲೆಕ್ಕವನ್ನು ನಾನು ಒಮ್ಮೆ ಚೆನ್ನಾಗಿ ತಪ್ಪಿದ್ದೆ. ಇವತ್ತು ಅದನ್ನೇ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದಿನ ಮಾತು. ಅಕ್ಕ, ಭಾವ, ಅವರ ಮಕ್ಕಳು, ಚಿಕ್ಕಪ್ಪ, ದೊಡ್ಡಮ್ಮ, ಎಲ್ಲ ಸೇರಿ ಮನೆಯಲ್ಲಿ 11 ಜನ. ನಾನು ಹಾಕಿದ ಯೋಜನೆ ಹೀಗಿತ್ತು: ಬೆಳಿಗ್ಗೆ ಬೇಗ ಎದ್ದು ಅಡುಗೆ ಮುಗಿಸುವುದು, ಎಲ್ಲರೂ ಹೋಗಿ ಹತ್ತಿರದ ಬೆಟ್ಟ ಹತ್ತಿ ಬರುವುದು, ಮಧ್ಯಾಹ್ನ 1 ಗಂಟೆಗೆ ಒಟ್ಟಿಗೆ ಕೂತು ಹಬ್ಬದೂಟ. ಕಾಗದದ ಮೇಲೆ ಬಹಳ ಚೆನ್ನಾಗಿ ಕಾಣುತ್ತಿತ್ತು.

ಮೊದಲ ಪೆಟ್ಟು ಬಚ್ಚಲುಮನೆಯಲ್ಲಿ. 11 ಜನಕ್ಕೆ ಬಚ್ಚಲು ಒಂದೇ. ತಲೆಗೆ 15 ನಿಮಿಷ ಅಂದರೂ 2 ಗಂಟೆ 45 ನಿಮಿಷ ಆಯ್ತು, ಅಲ್ವಾ? ಇದು ಎರಡನೇ ಕ್ಲಾಸಿನ ಗುಣಾಕಾರ. ಆದರೂ ಮನೆಗೆ ಜನ ಬರುವ ಸಂಭ್ರಮದಲ್ಲಿ ಇಂಥ ಗುಣಾಕಾರ ಯಾರಿಗೂ ಹೊಳೆಯುವುದಿಲ್ಲ. 7 ಗಂಟೆಗೆ ಹೊರಡಬೇಕಾದವರು ಹತ್ತಕ್ಕೆ ಹೊರಟೆವು.

ಎರಡನೆಯ ಪೆಟ್ಟು ಬೆಟ್ಟದಲ್ಲಿ. ಬೆಟ್ಟ ಹತ್ತುವವರು ಇವತ್ತಿಗೂ ಬಳಸುವ ಒಂದು ಹಳೆಯ ಲೆಕ್ಕವಿದೆ. 1892ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ನೇಸ್ಮಿತ್ ಎಂಬಾತ ಬರೆದಿಟ್ಟದ್ದು. ಸುಮಾರು 5 ಕಿಲೋಮೀಟರ್ ನಡೆಯಲು 1 ಗಂಟೆ ಹಿಡಿಯಿರಿ, 600 ಮೀಟರ್ ಏರಿದ್ದರೆ ಅದಕ್ಕೆ ಇನ್ನೊಂದು ಗಂಟೆ ಸೇರಿಸಿ. ನಮ್ಮ ದಾರಿ ಹೋಗಿ ಬರಲು 6 ಕಿಲೋಮೀಟರ್, ಏರು 300 ಮೀಟರ್. ಅಂದರೆ ಒಂದೂಮುಕ್ಕಾಲು ಗಂಟೆ. ನಾನೂ ಅಷ್ಟೇ ಹಿಡಿದಿದ್ದೆ. ಆದರೆ ಆ ಲೆಕ್ಕ ಗಟ್ಟಿಮುಟ್ಟಾದ, ಎಲ್ಲೂ ನಿಲ್ಲದ ಮನುಷ್ಯನಿಗೆ. ಹತ್ತು ಹೆಜ್ಜೆಗೊಂದು ಕಲ್ಲು ಆರಿಸಿ ಜೇಬಿಗೆ ಹಾಕಿಕೊಳ್ಳುವ ಹುಡುಗನಿಗೆ ಅದರಲ್ಲಿ ಜಾಗ ಇಲ್ಲ. ದೊಡ್ಡಮ್ಮನ ಮಂಡಿಗೂ ಇಲ್ಲ.

ಗುಂಪಿನಲ್ಲಿ ನಡೆಯುವಾಗ ನಾವು ಮಾಡುವ ಒಂದು ಅನ್ಯಾಯವನ್ನು ಆವತ್ತು ಕಣ್ಣಾರೆ ನೋಡಿದೆ. ಕಾಲು ಚುರುಕಾಗಿದ್ದವರು ಮುಂದೆ ಹೋಗಿ ತಿರುವಿನಲ್ಲಿ ಕೂತು, ನೀರು ಕುಡಿದು, ಫೋಟೋ ತೆಗೆದು ಆರಾಮವಾಗಿ ಕಾಯುತ್ತಾರೆ. ಹಿಂದೆ ಬಿದ್ದವರು ಏದುಸಿರು ಬಿಡುತ್ತಾ ಅಲ್ಲಿಗೆ ಬಂದು ಮುಟ್ಟಿದ ಕೂಡಲೇ, ‘ಬಂದ್ರಾ? ಸರಿ, ಹೊರಡೋಣ’ ಅಂತ ಎದ್ದುಬಿಡುತ್ತಾರೆ. ಸುಧಾರಿಸಿಕೊಳ್ಳುವುದು ಯಾರಿಗೆ ಬೇಕೋ ಅವರಿಗೆ ಒಂದು ನಿಮಿಷವೂ ಸಿಗುವುದಿಲ್ಲ. ದೊಡ್ಡಮ್ಮ ಬಾಯಿಬಿಟ್ಟು ಏನೂ ಹೇಳಲಿಲ್ಲ. ಮೂರನೇ ತಿರುವಿನಲ್ಲಿ ಒಂದು ಬಂಡೆಯ ಮೇಲೆ ಕೂತು, ‘ನೀವು ಹೋಗಿ ಬನ್ನಿ, ನಾನಿಲ್ಲಿ ಗಾಳಿ ತಗೋತೀನಿ’ ಅಂದರು. ಈಗ ನಮ್ಮಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರೇ ಮುಂದೆ. ಕೊನೆಯವರು ಬಂದು ಕೂತ ಮೇಲೆಯೇ ವಿಶ್ರಾಂತಿಯ ಗಡಿಯಾರ ಶುರು.

ಇನ್ನು ಬೂಟಿನ ಕತೆ. ಅಕ್ಕನ ಮಗ ಚಪ್ಪಲಿ ಹಾಕಿಕೊಂಡು ಬಂದಿದ್ದ. ನಾನು ದೊಡ್ಡ ಮನಸ್ಸು ಮಾಡಿ ಅಟ್ಟದಿಂದ ನನ್ನ ಹಳೆಯ ಬೂಟು ಇಳಿಸಿ ಕೊಟ್ಟೆ. ನೋಡಲು ಹೊಸದರ ಹಾಗೇ ಇತ್ತು. ಅರ್ಧ ಬೆಟ್ಟ ಹತ್ತಿದ್ದೆವು, ಎಡಗಾಲಿನ ಅಟ್ಟೆ ಬಾಯಿ ತೆರೆದುಕೊಂಡು ಪಟ್ ಪಟ್ ಅನ್ನತೊಡಗಿತು. ಸ್ವಲ್ಪ ಹೊತ್ತಿಗೆ ಪೂರ್ತಿ ಕಿತ್ತು ಬಂತು. ಒಳಗಿನ ಸ್ಪಂಜಿನಂಥ ಪದರ ಬೆರಳಲ್ಲಿ ಹಿಸುಕಿದರೆ ಪುಡಿಪುಡಿ. ಕಾರಣ ಆಮೇಲೆ ತಿಳಿಯಿತು. ಬಹಳಷ್ಟು ಬೂಟುಗಳ ಅಟ್ಟೆಯಲ್ಲಿ ಪಾಲಿಯುರೆಥೇನ್ ಎಂಬ ವಸ್ತು ಇರುತ್ತದೆ. ಗಾಳಿಯ ತೇವಕ್ಕೆ ಅದು ವರ್ಷಗಳ ಮೇಲೆ ಒಳಗೊಳಗೇ ಶಿಥಿಲವಾಗುತ್ತದೆ. ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟರೂ ತಪ್ಪಿದ್ದಲ್ಲ. ನನ್ನ ಮಗಳ ಜಡೆಯ ರಿಬ್ಬನ್ ಬಿಚ್ಚಿ ಬೂಟಿಗೆ ಸುತ್ತಿ ಕಟ್ಟಿದೆವು. ಹದಿನೆಂಟು ವರ್ಷದ ಹುಡುಗ, ಕಾಲಿಗೆ ಕೆಂಪು ರಿಬ್ಬನ್ನಿನ ಹೂವು. ಎದುರಿಗೆ ಬಂದವರೆಲ್ಲ ತಿರುಗಿ ನೋಡುತ್ತಿದ್ದರು.

ಇಷ್ಟೆಲ್ಲ ಆಗಿ ಮನೆ ಸೇರಿದಾಗ ಮಧ್ಯಾಹ್ನ ಮೂರೂವರೆ. ಬೆಳಿಗ್ಗೆ ಏಳಕ್ಕೆ ಮಾಡಿಟ್ಟ ಅಡುಗೆ ದೊಡ್ಡ ಪಾತ್ರೆಯಲ್ಲಿ, ಮುಚ್ಚಳ ಹಾಕಿಕೊಂಡು, ಒಲೆಯ ಮೇಲೇ ಕೂತಿತ್ತು. ಮುಟ್ಟಿದರೆ ಇನ್ನೂ ಬೆಚ್ಚಗಿತ್ತು. ‘ವಾಸನೆ ಏನೂ ಬಂದಿಲ್ಲ, ಒಂದು ಕುದಿ ಬರಿಸಿದರೆ ಆಯ್ತು’ ಅಂದೆ. ಮಾರನೇ ದಿನ ಆ ಒಂದೇ ಬಚ್ಚಲುಮನೆಯ ಮುಂದೆ ಸಾಲು ಯಾಕೆ ನಿಂತಿತ್ತು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಹೆಚ್ಚು ಜನಕ್ಕೆ ಅಡುಗೆ ಮಾಡುವ ಮನೆಗಳಲ್ಲಿ ಈ ತಪ್ಪು ಬಹಳ ಸುಲಭವಾಗಿ ಆಗುತ್ತದೆ. ಆ ‘ಬೆಚ್ಚಗೆ’ ಇರುವುದೇ ಕುತ್ತು. ಸುಮಾರು 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಸೂಕ್ಷ್ಮಜೀವಿಗಳು ಚೆನ್ನಾಗಿ ಬೆಳೆಯುತ್ತವೆ. ಕೆಲವು ಜೀವಿಗಳ ಬೀಜಕಗಳು, ಅಂದರೆ ಗಟ್ಟಿ ಕವಚದೊಳಗೆ ನಿದ್ದೆ ಹೋದಂತಿರುವ ಅವುಗಳ ರೂಪ, ಕುದಿಸಿದರೂ ಸಾಯುವುದಿಲ್ಲ. ಅಡುಗೆ ಆರುತ್ತಾ ಬಂದಾಗ ಮತ್ತೆ ಮೊಳೆಯುತ್ತವೆ. ಚಿಕ್ಕ ಪಾತ್ರೆ ಬೇಗ ಆರುತ್ತದೆ. ದೊಡ್ಡ ಪಾತ್ರೆಯ ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ಹಾಗೇ ಎತ್ತಿ ಫ್ರಿಜ್ಜಿನಲ್ಲಿ ಇಟ್ಟರೂ ಅದೇ ಕತೆ. ಕೆಲವು ಜೀವಿಗಳು ಬಿಟ್ಟ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಇನ್ನು ವಾಸನೆಯನ್ನಂತೂ ನಂಬಲೇಬೇಡಿ. ಹೊಟ್ಟೆ ಕೆಡಿಸುವ ಜೀವಿಗಳು ಅಡುಗೆಯ ವಾಸನೆ ಕೆಡಿಸಲೇಬೇಕು ಅಂತೇನಿಲ್ಲ. ಹಾಗಾಗಿ ಮಾಡಿದ ಅಡುಗೆ ಹೊರಗೆ 2 ಗಂಟೆಗಿಂತ ಜಾಸ್ತಿ ಇರಬಾರದು. ಉಳಿದದ್ದನ್ನು ಅಗಲವಾದ, ಆಳವಿಲ್ಲದ ಪಾತ್ರೆಗಳಿಗೆ ತೆಳ್ಳಗೆ ಹಂಚಿ ಫ್ರಿಜ್ಜಿಗೆ ಸೇರಿಸಬೇಕು. ಪಾತ್ರೆ ತೊಳೆಯುವ ಕೆಲಸ ಹೆಚ್ಚುತ್ತದೆ, ನಿಜ. ಅದಕ್ಕೇ ತಾನೆ ಭಾವಂದಿರು ಬಂದಿರುವುದು?

ಅಂದಿನಿಂದ ನಮ್ಮ ಮನೆಯಲ್ಲಿ ಒಂದೇ ಕಟ್ಟಳೆ. ಊಟದ ದಿನ ಊಟ, ತಿರುಗಾಟದ ದಿನ ತಿರುಗಾಟ. ಎರಡನ್ನೂ ಒಂದೇ ದಿನಕ್ಕೆ ತುರುಕುವುದಿಲ್ಲ.

ಊಟದ ದಿನ ನಾನು ಜಾಸ್ತಿ ಯೋಚಿಸುವುದು ಯಾರನ್ನು ಎಲ್ಲಿ ಕೂರಿಸುವುದು ಅಂತ. ಜನರ ಮಾತುಕತೆಯನ್ನು ಗಮನಿಸಿದ ರಾಬಿನ್ ಡನ್‌ಬಾರ್ ಎಂಬ ಸಂಶೋಧಕರು, ಒಂದು ಮಾತಿನಲ್ಲಿ ಸಾಮಾನ್ಯವಾಗಿ 4 ಜನಕ್ಕಿಂತ ಜಾಸ್ತಿ ಉಳಿಯುವುದಿಲ್ಲ ಅಂತ ಕಂಡುಕೊಂಡರು. ಐದನೆಯವರು ಬಂದರೆ ಗುಂಪು ಒಡೆಯುತ್ತದೆ. 11 ಜನ ಕೂತರೆ ಮೂರು ಮಾತುಕತೆ ಒಟ್ಟಿಗೇ ನಡೆಯುತ್ತಿರುತ್ತದೆ. ಗದ್ದಲದಲ್ಲಿ ನಾವು ಗೊತ್ತಿಲ್ಲದೆಯೇ ದನಿ ಏರಿಸುತ್ತೇವೆ. 1911ರಲ್ಲಿ ಫ್ರಾನ್ಸಿನ ವೈದ್ಯ ಎತಿಯೆನ್ ಲೊಂಬಾರ್ ಇದನ್ನು ವಿವರಿಸಿದ್ದರಿಂದ ಆ ಸ್ವಭಾವಕ್ಕೆ ಅವರದೇ ಹೆಸರು. ಒಬ್ಬರು ಏರಿಸಿದರೆ ಪಕ್ಕದವರೂ ಏರಿಸುತ್ತಾರೆ. ಕಿವಿ ಮಂದವಾದ ಹಿರಿಯರು ಆ ಗದ್ದಲದ ನಡುವೆ ನಗುತ್ತಾ, ಏನೂ ಕೇಳಿಸದೆ, ಒಬ್ಬರೇ ಕೂತಿರುತ್ತಾರೆ. ಅವರನ್ನು ಗೌರವಕ್ಕೆಂದು ನಟ್ಟನಡುವೆ ಕೂರಿಸಬೇಡಿ. ಒಂದು ಮೂಲೆಯಲ್ಲಿ, ಗೋಡೆಗೆ ಬೆನ್ನು ಹಾಕಿ ಕೂರಿಸಿ. ಪಕ್ಕದಲ್ಲಿ ಬಿಡಿಸಿ ಮಾತಾಡುವ ಒಬ್ಬರಿರಲಿ. ಟೀವಿ ಆಫ್ ಮಾಡಿ. ರೇಡಿಯೋವನ್ನೂ ಮಾಡಿ, ನನಗೆ ಬೇಜಾರಿಲ್ಲ.

ತಿರುಗಾಟದ ದಿನಕ್ಕೆ ನನ್ನ ಹತ್ತಿರ ಇರುವುದು ಒಂದು ಮುಷ್ಟಿ. ಕೈ ನೀಳವಾಗಿ ಚಾಚಿ ಮುಷ್ಟಿ ಹಿಡಿದರೆ ಅದು ಆಕಾಶದಲ್ಲಿ ಸುಮಾರು 10 ಡಿಗ್ರಿ ಮುಚ್ಚುತ್ತದೆ. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ಸೂರ್ಯನಿಗೂ ನೆಲದ ಅಂಚಿಗೂ ನಡುವೆ ಒಂದು ಮುಷ್ಟಿ ಜಾಗ ಇದ್ದರೆ ಮುಳುಗಲು ಸುಮಾರು 40 ನಿಮಿಷ ಅಂತಿಟ್ಟುಕೊಳ್ಳಿ. ಸೂರ್ಯನನ್ನು ನೇರ ದಿಟ್ಟಿಸಬೇಡಿ, ಅದು ಬೇರೆ ಮಾತು. ಎದುರಿಗೆ ಬೆಟ್ಟ ಇದ್ದರೆ ಕತ್ತಲು ಇನ್ನೂ ಬೇಗ. ಮೂರು ಮುಷ್ಟಿ ಉಳಿದಿರುವಾಗಲೇ ನಾವು ವಾಪಸ್ ತಿರುಗುತ್ತೇವೆ, ತುದಿ ಮುಟ್ಟಿರಲಿ, ಬಿಡಲಿ. ಮಕ್ಕಳಿಗೆ ಈ ಮುಷ್ಟಿಯ ಕೆಲಸ ವಹಿಸಿದರೆ ‘ಇನ್ನೂ ಎಷ್ಟು ದೂರ’ ಅಂತ ಕೇಳುವುದೂ ಕಡಿಮೆ.

ಹೀಗೆ ನಿಧಾನ ನಡೆದು ನಾವು ತುದಿ ಮುಟ್ಟದ ದಿನಗಳೇ ಜಾಸ್ತಿ. ಆದರೆ ಮನೆಯಲ್ಲಿ ಪೇಪರಿನ ಹಿಂದೆ ಮುಖ ಮರೆಸಿಕೊಂಡು ಕೂರುವ ನಮ್ಮ ಚಿಕ್ಕಪ್ಪ, ದಾರಿಯಲ್ಲಿ ಪಕ್ಕಪಕ್ಕ ನಡೆಯುವಾಗ ಮಾತಾಡುತ್ತಾರೆ. ಎದುರಾಬದುರಾ ಕೂತರೆ ಮುಖ ನೋಡಬೇಕು, ಉತ್ತರ ಕೊಡಬೇಕು. ನಡೆಯುವಾಗ ಆ ಇಕ್ಕಟ್ಟಿಲ್ಲ. ಅವರು ಕೆಲಸ ಬಿಟ್ಟ ವರ್ಷ ನಿಜವಾಗಿ ಏನಾಯಿತು ಅನ್ನುವುದನ್ನು ನಾನು ಕೇಳಿದ್ದು ಒಂದು ಇಳಿಜಾರಿನಲ್ಲಿ. ಅವರು ಕೋಲೂರಿಕೊಂಡು, ನೆಲ ನೋಡುತ್ತಾ ಹೇಳಿದರು. ನಾನೂ ನೆಲವನ್ನೇ ನೋಡುತ್ತಾ ಕೇಳಿದೆ.

ಮೊನ್ನೆ ಅಕ್ಕನ ಮಗ ಫೋನ್ ಮಾಡಿದ್ದ. ಈ ರಜೆಗೂ ಎಲ್ಲರೂ ಬರುತ್ತಾರಂತೆ. ‘ಬನ್ನಿ ಬನ್ನಿ’ ಅಂದೆ. ‘ಬರ್ತೀವಿ ಮಾವ, ಆದ್ರೆ ಬೂಟು ಮಾತ್ರ ನಾನೇ ತರ್ತೀನಿ’ ಅಂದ.

ನಮಸ್ಕಾರ.