ಚೌಕ ಚೌಕವಾಗಿ ಕ್ವಿಲ್ಟ್: ಜೋಡಣೆಯ ಕಾಲು ಇಂಚು

ಎಲ್ಲರಿಗೂ ನಮಸ್ಕಾರ.

ಕೌದಿಗೆ ಬೇಕಾದದ್ದು ಹರಡಿಕೊಳ್ಳಲು ನೆಲ, ಒಂದು ಕೈಸೂಜಿ. ಉತ್ತರ ಕನ್ನಡದ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ತಮ್ಮ ಕೌದಿಯಾದ ಕವಂದಿಯನ್ನು ಒಂದು ಮೂಲೆಯಲ್ಲಿ ಹಿಡಿದು, ಅಂಚಿನ ಗುಂಟ ಸುತ್ತುತ್ತಾ ಬಂದು ನಟ್ಟನಡುವೆ ಮುಗಿಸುತ್ತಾರೆ. ಕೈ ಎಲ್ಲಿಗಾದರೂ ತಲುಪುತ್ತದೆ, ಹೊದಿಕೆ ಎಷ್ಟು ದೊಡ್ಡದಾದರೂ ಅಡ್ಡಿಯಿಲ್ಲ. ಮನೆಯ ಹೊಲಿಗೆ ಯಂತ್ರಕ್ಕೆ ಈ ಅನುಕೂಲವಿಲ್ಲ. ಸೂಜಿಯಿಂದ ಬಲಗಡೆಯ ಕಂಬದವರೆಗೆ ಇರುವುದು ಆರೇಳು ಇಂಚು. ಮೇಲುಬಟ್ಟೆ, ನಡುವಿನ ಹಾಸು, ಅಡಿಬಟ್ಟೆ ಹೀಗೆ ಮೂರು ಪದರದ, ಐದಡಿ ಅಗಲದ ಕ್ವಿಲ್ಟನ್ನು ಸುರುಳಿ ಸುತ್ತಿ ಆ ಕಿಂಡಿಗೆ ತೂರಿಸಿದರೆ ಭಾರಕ್ಕೆ ಬಟ್ಟೆ ಎಳೆಯುತ್ತದೆ, ಹೊಲಿಗೆ ಸೊಟ್ಟಗಾಗುತ್ತದೆ, ಅಡಿಬಟ್ಟೆ ನೆರಿಗೆ ಬೀಳುತ್ತದೆ.

ಇದಕ್ಕೆ ಉತ್ತರವೇ ‘ಕ್ವಿಲ್ಟ್ ಆಸ್ ಯು ಗೋ’ ಕ್ರಮ. ಒಂದೊಂದು ಚೌಕವನ್ನೂ ಮೂರು ಪದರ ಸಮೇತ ಹೊಲಿದು ಮುಗಿಸಿ, ಕೊನೆಗೆ ಚೌಕಗಳನ್ನು ಕೂಡಿಸುವುದು. 1970ರ ದಶಕದ ಕೊನೆಯಿಂದ ಅಮೆರಿಕದ ಸಾರ್ವಜನಿಕ ಟಿವಿಯಲ್ಲಿ ಇದರ ಕೈಹೊಲಿಗೆಯ ರೂಪವನ್ನು ಜಾರ್ಜಿಯಾ ಬೋನ್‌ಸ್ಟೀಲ್ ಕಲಿಸಿದರು. ತೊಡೆಯ ಮೇಲಿಟ್ಟುಕೊಂಡು ಹೊಲಿಯುವ ಆ ಬಗೆಯಲ್ಲಿ ಚೌಕದ ಅಂಚನ್ನು ಹೊಲಿಯದೆ ಬಿಡಬೇಕು, ಆಮೇಲೆ ಮೇಲುಬಟ್ಟೆಗೆ ಮೇಲುಬಟ್ಟೆ, ಅಡಿಬಟ್ಟೆಗೆ ಅಡಿಬಟ್ಟೆ ಸೇರಿಸಬೇಕು. ಇವತ್ತು ಹೇಳಹೊರಟಿರುವುದು ಪಟ್ಟಿ ಕೊಟ್ಟು ಕೂಡಿಸುವ ಬಗೆ. ಯಂತ್ರದಲ್ಲಿ ಹೊಲಿಯುವವರಿಗೆ ಇದೇ ಹೆಚ್ಚು ಒಗ್ಗುತ್ತದೆ, ಏಕೆಂದರೆ ಚೌಕದ ಹೊಲಿಗೆಯನ್ನು ತುದಿಯಿಂದ ತುದಿಗೆ ನಿಲ್ಲಿಸದೆ ಓಡಿಸಬಹುದು.

ಒಬ್ಬರು ಮಲಗುವ ಮಂಚದ ಲೆಕ್ಕ ಹಿಡಿಯೋಣ. ಅಗಲಕ್ಕೆ 5, ಉದ್ದಕ್ಕೆ 7, ಒಟ್ಟು 35 ಚೌಕ. ಹೊಲಿದು ಕತ್ತರಿಸಿದ ಮೇಲೆ ಪ್ರತಿ ಚೌಕ 12½ ಇಂಚು. ಕ್ವಿಲ್ಟ್ ಸುಮಾರು 62½ ಇಂಚು ಅಗಲ, 87½ ಇಂಚು ಉದ್ದ ಬರುತ್ತದೆ. ಆದರೆ ಮೊದಲು ಕತ್ತರಿಸುವಾಗ ಮೇಲುಬಟ್ಟೆ 13 ಇಂಚು, ನಡುವಿನ ಹಾಸು ಮತ್ತು ಅಡಿಬಟ್ಟೆ 14 ಇಂಚು ಇರಲಿ. ಹೊಲಿಗೆ ಬಿದ್ದಂತೆಲ್ಲ ಬಟ್ಟೆ ಒಳಗೆ ಎಳೆದುಕೊಳ್ಳುತ್ತದೆ. 44 ಇಂಚು ಪನ್ನದ (ಅಗಲದ) ಬಟ್ಟೆಯಲ್ಲಿ ಅಡ್ಡಕ್ಕೆ ಮೂರು ಚೌಕ ಬರುವುದರಿಂದ ಅಡಿಬಟ್ಟೆಗೆ ನಾಲ್ಕೂವರೆ ಮೀಟರ್ ಸಾಕು. ಜೋಡಣೆಯ ಪಟ್ಟಿ, ಸುತ್ತಲಿನ ಅಂಚುಪಟ್ಟಿ ಎರಡನ್ನೂ ಒಂದೇ ಬಟ್ಟೆಯಲ್ಲಿ ತೆಗೆಯುವುದಾದರೆ ಎರಡೂಕಾಲು ಮೀಟರ್. ಎಲ್ಲವನ್ನೂ ಮೊದಲೇ ತೊಳೆದು ಇಸ್ತ್ರಿ ಮಾಡಿ. ಕಡುಗೆಂಪು, ಕಡುನೀಲಿ ಬಟ್ಟೆಯನ್ನು ಬಿಳಿ ಚೂರಿನ ಜೊತೆ ನೆನೆಸಿ ನೋಡಿ; ಬಣ್ಣ ಬಿಡುವ ಪಟ್ಟಿ 35 ಚೌಕಗಳನ್ನೂ ಒಂದೇ ಒಗೆತದಲ್ಲಿ ಕೆಡಿಸಬಲ್ಲದು.

ನಡುವಿನ ಹಾಸು ತೆಳುವಾಗಿರಲಿ. ಉಬ್ಬಿದ ಪಾಲಿಯೆಸ್ಟರ್ ಹಾಸು ಮುಟ್ಟಿದರೆ ಹಿತ, ಆದರೆ ಜೋಡಣೆಯ ಜಾಗದಲ್ಲಿ ದಿಂಡಿನಂತೆ ಏಳುತ್ತದೆ. ಬಿಡಿ ಹತ್ತಿ ಬೇಡವೇ ಬೇಡ, ಒಗೆದಾಗ ಗಂಟು ಕಟ್ಟುತ್ತದೆ. ನಮ್ಮ ಊರುಗಳ ಸೆಖೆಗೆ ಕೌದಿಯಂತೆ ಹಳೆಯ ನೂಲಿನ ಸೀರೆಯ ಎರಡು ಪದರವೇ ಉತ್ತಮ. ಒಗೆದು ಒಗೆದು ಕುಗ್ಗುವಷ್ಟು ಕುಗ್ಗಿರುತ್ತದೆ, ಮುಂದೆ ಹೊಸದಾಗಿ ಎಳೆಯುವುದಿಲ್ಲ.

ಮೂರು ಪದರವನ್ನು ಪಿನ್ನು ಹಾಕಿ ಅಥವಾ ಕಚ್ಚಾ ಹೊಲಿಗೆ ಹಾಕಿ ಹಿಡಿಸಿ. ಸೂಜಿ 14ನೇ ನಂಬರು, ಹೊಲಿಗೆಯ ಉದ್ದ 3 ಮಿಲಿಮೀಟರ್. ವಾಕಿಂಗ್ ಫುಟ್ ಎಂಬ ಯಂತ್ರದ ಪಾದ ಇದ್ದರೆ ಮೇಲಿನ ಮತ್ತು ಕೆಳಗಿನ ಬಟ್ಟೆ ಒಟ್ಟಿಗೆ ಸರಿಯುತ್ತವೆ. ನಡುವಿನ ಗೆರೆ ಮೊದಲು, ಆಮೇಲೆ ಅದರ ಎರಡೂ ಬದಿಗೆ. ಎಲ್ಲ ಗೆರೆಗಳನ್ನೂ ಒಂದೇ ದಿಕ್ಕಿನಲ್ಲಿ ಹೊಲಿಯಿರಿ. ಒಂದನ್ನು ಮೇಲಿನಿಂದ, ಮುಂದಿನದನ್ನು ಕೆಳಗಿನಿಂದ ಹೊಲಿದರೆ ಚೌಕ ಓರೆಯಾಗುತ್ತದೆ. ಗೆರೆಗಳ ದಟ್ಟಣೆ ಎಲ್ಲ ಚೌಕಕ್ಕೂ ಹೆಚ್ಚುಕಡಿಮೆ ಒಂದೇ ಇರಬೇಕು. ಒಂದಕ್ಕೆ ಅರ್ಧ ಇಂಚಿಗೊಂದು, ಇನ್ನೊಂದಕ್ಕೆ ಮೂರಿಂಚಿಗೊಂದು ಗೆರೆ ಹಾಕಿದರೆ ಎರಡೂ ಬೇರೆ ಬೇರೆ ಅಳತೆಗೆ ಕುಗ್ಗುತ್ತವೆ.

35 ಚೌಕ ಮುಗಿಯುವವರೆಗೆ ಒಂದನ್ನೂ ಅಳತೆಗೆ ಕತ್ತರಿಸಬೇಡಿ. ಎಲ್ಲಕ್ಕಿಂತ ಚಿಕ್ಕದನ್ನು ಹುಡುಕಿ. ಅದರಲ್ಲಿ 12½ ಇಂಚು ಸಿಗದಿದ್ದರೆ, ಸಿಕ್ಕ ಅಳತೆಗೇ ಉಳಿದವನ್ನೂ ಇಳಿಸಿ. ಕತ್ತರಿಸುವಾಗ ಮೂಲೆ ಮಟ್ಟಸವಾಗಿದೆಯೇ ಎಂದು ಎರಡೂ ಕರ್ಣಗಳನ್ನು ಅಳೆದು, ಅವು ಸಮವಿವೆಯೇ ನೋಡಿ.

ಇನ್ನು ಪಟ್ಟಿ. ಈ ಕ್ರಮದ ಗುಟ್ಟೆಲ್ಲ ಇಲ್ಲಿದೆ. ಮುಂಭಾಗದ ಪಟ್ಟಿ 1⅛ ಇಂಚು ಅಗಲ. ಹಿಂಭಾಗದ ಪಟ್ಟಿ 1¾ ಇಂಚು ಅಗಲ, ಅದನ್ನು ಉದ್ದಕ್ಕೆ ಎರಡಾಗಿ ಮಡಿಸಿ ಇಸ್ತ್ರಿ ಮಾಡಿ. ಮೊದಲ ಚೌಕದ ಮುಂಭಾಗದ ಮೇಲೆ ಮುಂಪಟ್ಟಿಯನ್ನು ಬಟ್ಟೆಯ ಸರಿಬದಿ (ಹೊರಗೆ ಕಾಣಬೇಕಾದ ಬದಿ) ಒಳಗಾಗುವಂತೆ ಇಡಿ. ಅದೇ ಅಂಚಿನ ಹಿಂಬದಿಗೆ ಮಡಿಸಿದ ಪಟ್ಟಿ ಬರಲಿ, ಅದರ ತೆರೆದ ಬದಿ ಚೌಕದ ಅಂಚಿಗೆ ಸಮನಾಗಿ, ಮಡಿಕೆ ಚೌಕದ ಒಳಕ್ಕೆ. ಎಲ್ಲವನ್ನೂ ಸೇರಿಸಿ ಕಾಲು ಇಂಚಿನಲ್ಲಿ ಒಂದೇ ಹೊಲಿಗೆ. ಈಗ ಮುಂಪಟ್ಟಿಯನ್ನು ಹೊರಕ್ಕೆ ತೆರೆದು, ಅದರ ಇನ್ನೊಂದು ಅಂಚಿಗೆ ಎರಡನೇ ಚೌಕದ ಮುಂಭಾಗವನ್ನು ಕೂಡಿಸಿ ಕಾಲು ಇಂಚಿನಲ್ಲಿ ಹೊಲಿಯಿರಿ. ಹಿಂಪಟ್ಟಿ ಈ ಹೊಲಿಗೆಗೆ ಸಿಕ್ಕಬಾರದು.

ಬಿಡಿಸಿ ನೋಡಿದರೆ ಎರಡು ಚೌಕಗಳ ಅಂಚುಗಳು ಪಟ್ಟಿಯ ಅಡಿಯಲ್ಲಿ ಒಂದಕ್ಕೊಂದು ತಾಗಿ ಕೂತಿರಬೇಕು. ಎರಡೂ ಕಡೆಯ ಕಾಲು ಕಾಲು ಇಂಚು ಸೇರಿ ಅರ್ಧ ಇಂಚು. ಪಟ್ಟಿ ಕಾಣುವುದೂ ಅಷ್ಟೇ. ಹೆಚ್ಚಿಗೆ ಕೊಟ್ಟ ಎಂಟನೇ ಒಂದು ಇಂಚು ಹಾಸಿನ ದಪ್ಪಕ್ಕೆ ಹೋಗುತ್ತದೆ. ಅಂಚುಗಳ ನಡುವೆ ಟೊಳ್ಳು ಉಳಿದರೆ ಪಟ್ಟಿ ಜೋತುಬಿದ್ದು ಅಲ್ಲಿಯೇ ಬೇಗ ಸವೆಯುತ್ತದೆ. ಒಂದರ ಮೇಲೊಂದು ಏರಿದರೆ ಕ್ವಿಲ್ಟ್ ಮಟ್ಟವಾಗಿ ಕೂರುವುದಿಲ್ಲ. ಎರಡಕ್ಕೂ ಕಾರಣ ಕಾಲು ಇಂಚು ತಪ್ಪಿರುವುದು. ಬಟ್ಟೆಯನ್ನು ಒತ್ತಿ ಹಿಡಿಯುವ ಪ್ರೆಸರ್ ಫುಟ್ಟಿನ ಅಗಲವೇ ಕಾಲು ಇಂಚು ಎಂದು ನಂಬಬೇಡಿ. ಸೂಜಿಯಿಂದ ಕಾಲು ಇಂಚು ಅಳೆದು ಯಂತ್ರದ ತಟ್ಟೆಯ ಮೇಲೆ ಟೇಪು ಅಂಟಿಸಿ, ಎರಡು ಚೂರುಗಳ ಮೇಲೆ ಮೊದಲು ಪರೀಕ್ಷಿಸಿ.

ಹಿಂದಕ್ಕೆ ತಿರುಗಿಸಿ, ಮಡಿಸಿದ ಪಟ್ಟಿಯನ್ನು ಸಂದಿಯ ಮೇಲೆ ಮಗುಚಿ. ಅದು ಎರಡನೇ ಹೊಲಿಗೆಯ ಗೆರೆಯನ್ನು ಎಂಟನೇ ಒಂದು ಇಂಚಿನಷ್ಟು ದಾಟಿ ಮುಚ್ಚಬೇಕು. ಸೀರೆಗೆ ಫಾಲ್ ಹೊಲಿಯುವ ಹಾಗೆಯೇ ಕೈಯಲ್ಲಿ ಹೆಮ್ಮಿಂಗ್ ಮಾಡಿ. ಸೂಜಿ ಅಡಿಬಟ್ಟೆ ಮತ್ತು ಹಾಸನ್ನಷ್ಟೇ ಹಿಡಿಯಲಿ, ಮುಂದಕ್ಕೆ ಬರದಿರಲಿ. ಯಂತ್ರದಲ್ಲೂ ಮುಗಿಸಬಹುದು, ಬೇಗ ಆಗುತ್ತದೆ. ಆದರೆ ಮುಂಭಾಗದಲ್ಲಿ ಆ ಗೆರೆ ಪಟ್ಟಿಯ ಒಳಗೂ ಹೊರಗೂ ಅಲೆದಾಡಿದರೆ ಅಷ್ಟು ಕೆಲಸವೂ ಹಗುರಾಗಿ ಕಾಣುತ್ತದೆ. ಮೊದಲ ಕ್ವಿಲ್ಟಿಗೆ ಕೈಹೊಲಿಗೆಯೇ ಸರಿ.

ಹೀಗೆ ಐದೈದು ಚೌಕದ ಏಳು ಸಾಲು ಮಾಡಿಕೊಂಡು, ಉದ್ದ ಪಟ್ಟಿಗಳಿಂದ ಸಾಲುಗಳನ್ನು ಕೂಡಿಸಿ. ಪಟ್ಟಿಯನ್ನು ಎಳೆಯುತ್ತಾ ಹೊಲಿದರೆ ಕ್ವಿಲ್ಟ್ ಅಲೆಅಲೆಯಾಗುತ್ತದೆ. ಸಾಲಿನ ಅಳತೆಗೆ ಸರಿಯಾಗಿ ಪಟ್ಟಿ ಕತ್ತರಿಸಿ, ತುದಿ, ನಡು, ಆಮೇಲೆ ಉಳಿದೆಡೆ ಪಿನ್ನು ಹಾಕಿ. ಚೌಕ ಚೌಕಗಳ ನಡುವಿನ ಅಡ್ಡಪಟ್ಟಿ, ಸಾಲುಗಳ ನಡುವಿನ ಉದ್ದಪಟ್ಟಿ ಕೂಡುವ ನಾಲ್ಕು ಮೂಲೆಯ ಜಾಗದಲ್ಲಿ ಕಣ್ಣು ಮೋಸ ಹೋಗುವುದು ಹೆಚ್ಚು. ಮೊದಲ ಸಾಲಿನ ಅಡ್ಡಪಟ್ಟಿಗಳು ಎಲ್ಲಿ ಬಂದಿವೆಯೋ ಅದಕ್ಕೆ ನೇರವಾಗಿ ಉದ್ದಪಟ್ಟಿಯ ಇನ್ನೊಂದು ಅಂಚಿನಲ್ಲಿ ಸೀಮೆಸುಣ್ಣದ ಗುರುತು ಹಾಕಿ, ಎರಡನೇ ಸಾಲನ್ನು ಆ ಗುರುತಿಗೆ ಕೂಡಿಸಿ. ಅಲ್ಲಿ ಪದರ ಹೆಚ್ಚು, ಕಾಲನ್ನು ಪೆಡಲಿನಿಂದ ತೆಗೆದು ಚಕ್ರವನ್ನು ಕೈಯಲ್ಲೇ ತಿರುಗಿಸಿ ದಾಟಿಸಿದರೆ ಸೂಜಿ ಮುರಿಯುವುದಿಲ್ಲ.

ಕೊನೆಗೆ ಎರಡೂವರೆ ಇಂಚಿನ ಪಟ್ಟಿಯನ್ನು ಎರಡಾಗಿ ಮಡಿಸಿ ಸುತ್ತಲೂ ಅಂಚು ಕಟ್ಟಿ. 300 ಇಂಚಿನ ಸುತ್ತಳತೆಗೆ ಮೂಲೆ ಮತ್ತು ಸೇರ್ಪಡೆಗೆಂದು 10 ಇಂಚು ಹೆಚ್ಚಿಟ್ಟುಕೊಂಡು, 44 ಇಂಚು ಪನ್ನದಲ್ಲಿ ಎಂಟು ಪಟ್ಟಿ ಕತ್ತರಿಸಿ.