ಬಾರಿಸುವವನೇ ಬರೆದರೆ ತಪ್ಪೇನು?

ಎಲ್ಲರಿಗೂ ನಮಸ್ಕಾರ. ಮೊನ್ನೆ ಒಬ್ಬರು ಕೇಳಿದರು, ‘ಬ್ಯಾಂಡ್ ಕಟ್ಟಿದವನು ಬೇರೆ ಬ್ಯಾಂಡುಗಳ ಬಗ್ಗೆ ಬರೀಬಹುದಾ ಸಾರ್? ಪಕ್ಷಪಾತ ಆಗಲ್ವಾ?’ ಆಗುತ್ತದೆ, ಆಗಲಿ ಬಿಡಿ. ಪಕ್ಷಪಾತ ಇಲ್ಲದ ವಿಮರ್ಶಕನನ್ನು ನಾನಂತೂ ಕಂಡಿಲ್ಲ. ಬಾರಿಸಿ ಗೊತ್ತಿರುವವನು ಬರೆದರೆ ಓದುವವರಿಗೆ ಲಾಭವೇ ಜಾಸ್ತಿ. ಇವತ್ತು ಇಂಗ್ಲೆಂಡಿನ ಬೇಸ್ ಗಿಟಾರ್ ವಾದಕ, ಸಂಗೀತ ಪತ್ರಕರ್ತ ಜಾನ್ ರಾಬ್ ಅವರ ಬಗ್ಗೆ ಮಾತಾಡುತ್ತಿರುವುದೂ ಅದಕ್ಕೇ.

1961ರಲ್ಲಿ ಹುಟ್ಟಿದ ರಾಬ್ ಬೆಳೆದದ್ದು ಬ್ಲ್ಯಾಕ್‌ಪೂಲ್‌ನಲ್ಲಿ. ಲ್ಯಾಂಕಾಷೈರಿನ ಗಿರಣಿ ಕೆಲಸಗಾರರು ರಜೆ ಸಿಕ್ಕಾಗ ಸಮುದ್ರ ನೋಡಲು ಬರುತ್ತಿದ್ದ ಊರು. 1977ರಲ್ಲಿ ಗೆಳೆಯರ ಜೊತೆ ‘ಮೆಂಬ್ರೇನ್ಸ್’ ಕಟ್ಟಿ ಬೇಸ್ ಹಿಡಿದರು. ಜೊತೆಗೇ ‘ರಾಕ್ಸ್’ ಅನ್ನುವ ಫ್ಯಾನ್‌ಜೀನ್, ಅಂದರೆ ಅಭಿಮಾನಿಗಳೇ ಬರೆದು ಹಂಚುವ ಪುಟ್ಟ ಪತ್ರಿಕೆ.

ಆ ಕಾಲ ಎಂಥದ್ದು ಅಂತ ತಿಳಿಯಲು ನನ್ನ ಹಳೇ ಕಥೆ ಹೇಳಲೇಬೇಕು. ಮುಂಚೆಯೇ ಕೇಳಿದವರು ಸಹಿಸಿಕೊಳ್ಳಿ. ಪಕ್ಕದ ಮ್ಯಾಂಚೆಸ್ಟರಿನ ‘ಬಝ್‌ಕಾಕ್ಸ್’ ಹುಡುಗರು 500 ಪೌಂಡ್ ಸಾಲ ಎತ್ತಿ, 1977ರ ಜನವರಿಯಲ್ಲಿ ತಾವೇ ‘ಸ್ಪೈರಲ್ ಸ್ಕ್ರ್ಯಾಚ್’ ರೆಕಾರ್ಡ್ ತಂದರು. ಮೊದಲು ಹಾಕಿಸಿದ್ದು 1000 ಪ್ರತಿ. ಮುಂದಿನ ಮುಖಪುಟಕ್ಕೆ ಒಂದು ಪೋಲರಾಯ್ಡ್ ಫೋಟೋ, ಅಷ್ಟೇ. ಮಜಾ ಇರುವುದು ಹಿಂದುಗಡೆ. ಪ್ರತಿ ಹಾಡಿನ ಎದುರು ಅದು ಎಷ್ಟನೇ ಟೇಕ್, ಅಂದರೆ ಎಷ್ಟನೇ ಸಲ ಬಾರಿಸಿದಾಗ ರೆಕಾರ್ಡ್ ಆದದ್ದು ಅಂತ ಬರೆದಿದ್ದಾರೆ! ‘ಬ್ರೇಕ್‌ಡೌನ್’ ಮೂರನೇ ಟೇಕ್, ಮೇಲಿಂದ ಏನೂ ಸೇರಿಸಿಲ್ಲ. ಬೇರೆಯವರು ಮುಚ್ಚಿಡುವ ಲೆಕ್ಕವನ್ನು ಇವರು ಕವರಿನ ಮೇಲೇ ಅಚ್ಚು ಹಾಕಿಸಿದರು. ಇದು ಬರವಣಿಗೆ ಅಲ್ವಾ? ಬಾರಿಸಿದವನೇ ಬರೆದದ್ದು ತಾನೇ? ನನಗೆ ಇದಕ್ಕಿಂತ ಒಳ್ಳೆಯ ಸಂಗೀತ ವರದಿ ಗೊತ್ತಿಲ್ಲ. (ನಗಬೇಡಿ, ನಿಜವಾಗಿ ಹೇಳ್ತಿದ್ದೀನಿ.)

ರಾಬ್ ಮುಂದೆ ‘ಸೌಂಡ್ಸ್’ ವಾರಪತ್ರಿಕೆಗೆ ಬರೆದರು. ಮುಂದೆ ಲೋಕಪ್ರಸಿದ್ಧವಾದ ಅಮೆರಿಕದ ‘ನಿರ್ವಾಣ’ ಬ್ಯಾಂಡಿನ ಹೆಸರು ಯಾರಿಗೂ ಗೊತ್ತಿಲ್ಲದಿದ್ದಾಗಲೇ ಅವರನ್ನು ಸಂದರ್ಶಿಸಿದರು. ಸಣ್ಣ ಬ್ಯಾಂಡಿನ ಪಾಡು ಉಂಡವರಿಗೆ ಸಣ್ಣ ಬ್ಯಾಂಡು ಕಣ್ಣಿಗೆ ಬೀಳುತ್ತದೆ, ಇದರಲ್ಲಿ ಪವಾಡವೇನಿಲ್ಲ. 2006ರಲ್ಲಿ ಪಂಕ್, ಅಂದರೆ ಎಪ್ಪತ್ತರ ದಶಕದ ಆ ಒರಟು, ಬಿರುಸಿನ ರಾಕ್ ಸಂಗೀತದ ಚರಿತ್ರೆ ಬರೆಯುವಾಗಲೂ ಅಷ್ಟೇ. ಪಂಡಿತರನ್ನು ಬಿಟ್ಟು, ಸ್ಟೇಜ್ ಮೇಲೆ ಇದ್ದವರ ಬಾಯಲ್ಲೇ ಹೇಳಿಸಿದರು.

ಚೀಟಿ ಬಂತು. ಐದು ನಿಮಿಷವಂತೆ. ಸರಿ, ರಾಬ್ ಆಮೇಲೆ ಕಟ್ಟಿದ ‘ಗೋಲ್ಡ್‌ಬ್ಲೇಡ್’ ಬ್ಯಾಂಡಿನ ವರ್ಷಗಳನ್ನು ಹಾರಿಸುತ್ತೇನೆ. 2023ರಲ್ಲಿ ಅವರು ಬರೆದ ಗಾಥ್ (ಪಂಕ್ ನಂತರ ಬಂದ, ಕತ್ತಲೆಯ ಛಾಯೆಯ ರಾಕ್) ಚರಿತ್ರೆ ದಪ್ಪ ಪುಸ್ತಕ, ನೀವೇ ಓದಿಕೊಳ್ಳಿ.

ಆದರೆ 2015ರ ಆಲ್ಬಂ ಬಿಡೋಕಾಗಲ್ಲ. 2009ರಲ್ಲಿ ಮೆಂಬ್ರೇನ್ಸ್ ಮತ್ತೆ ಒಂದಾಗಿತ್ತು. ಆಮೇಲೆ ರಾಬ್‌ಗೆ ಜೋ ಇನ್‌ಕ್ಯಾಂಡೆಲಾ ಪರಿಚಯವಾಯಿತು. ಹಿಗ್ಸ್ ಬೋಸಾನ್ ಅನ್ನುವ ಸೂಕ್ಷ್ಮ ಕಣವನ್ನು ಪತ್ತೆ ಹಚ್ಚಿದ, ಯುರೋಪಿನ ಸರ್ನ್ ಭೌತವಿಜ್ಞಾನ ಕೇಂದ್ರದ ತಂಡಗಳಲ್ಲಿ ಒಂದಕ್ಕೆ ಮುಖ್ಯಸ್ಥರಾಗಿದ್ದವರು. ಇಬ್ಬರೂ ಕೂತು ವಿಶ್ವ ಹೇಗೆ ಹುಟ್ಟಿತು, ಹೇಗೆ ಮುಗಿಯುತ್ತೆ ಅಂತ ಹರಟಿದರು. ಆ ಹರಟೆಯೇ ‘ಡಾರ್ಕ್ ಮ್ಯಾಟರ್/ಡಾರ್ಕ್ ಎನರ್ಜಿ’ ಆಯಿತು. ಕಂಡವರನ್ನೆಲ್ಲ ಪ್ರಶ್ನೆ ಕೇಳುವ ಪತ್ರಕರ್ತನ ಚಾಳಿ ಇಲ್ಲದಿದ್ದರೆ ಆ ಬೇಸ್ ವಾದಕನಿಗೆ ಅಂಥ ಆಲ್ಬಂ ಹೊಳೆಯುತ್ತಿತ್ತಾ? ಮೊನ್ನೆ ಪ್ರಶ್ನೆ ಕೇಳಿದವರು ಹಿಂದಿನ ಸಾಲಿನಲ್ಲೇ ಕೂತಿದ್ದಾರೆ. ಮೊದಲು ಅವರಿಗೇ ಮೈಕ್ ಕೊಡಿ.