ಅಟ್ಟದ ಮ್ಯಾಲಿನ ಹಾರ್ಮೋನಿಯಂ

ಎಲ್ಲಾರಿಗೂ ನಮಸ್ಕಾರ್ರಿ. ಹಾಳಿ ಮ್ಯಾಲೆ ಬರದಿಟ್ಟ ಆಸೆಗಳನ್ನ ಖರೇನ ಮಾಡಿ ಮುಗಸೂದು ಹೆಂಗ ಅಂತ ನನ್ನ ಅನುಭವ ಹೇಳ್ತೀನಿ. ಮೊದ್ಲ ಹೇಳಿಬಿಡ್ತೀನಿ, ನಾನೇನು ಟ್ರೇನರ್ ಅಲ್ಲ. ಧಾರವಾಡದಾಗ ಮನಿ, ಹುಬ್ಬಳ್ಳ್ಯಾಗ ನೌಕರಿ, ದಿನಾ ಚಿಗರಿ ಬಸ್ಸಿನ್ಯಾಗ ಹೋಗಿ ಬರಾಕಿ, ಸೀಟು ಸಿಕ್ಕಿದ್ ದಿವ್ಸ ಉಣಕಲ್ ಕೆರಿ ಬರೂದ್ರೊಳಗ ನಿದ್ದಿ ಹೋಗಾಕಿ.

ಹೋದ ವರ್ಷ ಆಫೀಸಿನ್ಯಾಗ ಒಂದಿನದ ಟ್ರೇನಿಂಗ್ ಇಟ್ಟಿದ್ರು, ಮೈಂಡ್ ಮ್ಯಾಪ್ ತಗೀರಿ ಅಂದ್ರು. ಗೊತ್ತಿಲ್ಲದವರಿಗೆ ಹೇಳ್ತೀನಿ, ದೊಡ್ಡ ಡ್ರಾಯಿಂಗ್ ಹಾಳಿ ಅಡ್ಡ ಇಟ್ಕೊಂಡು ನಟ್ಟನಡುವ ಒಂದು ವಿಷಯ ಬರೀಬೇಕು, ಅದರಿಂದ ದಪ್ಪ ಟೊಂಗಿ ಎಳೀಬೇಕು, ಟೊಂಗಿಗೆ ಸಣ್ಣ ಕವಲು, ಒಂದು ಕವಲಿಗೆ ಒಂದ ಶಬ್ದ, ಬಣ್ಣ ಬ್ಯಾರೆ ಬ್ಯಾರೆ. ಇಂಗ್ಲೆಂಡಿನ ಟೋನಿ ಬುಝಾನ್ ಅನ್ನವರು 1974ರಾಗ ಬಿಬಿಸಿ ಟೀವಿಯೊಳಗ ಇದನ್ನ ತೋರಿಸಿದ ಮ್ಯಾಲೆ ಭಾಳ ಕಡೆ ಹಬ್ಬಿತು. ಮಜಾ ಬರ್ತೈತ್ರಿ, ಸುಳ್ಳ ಹೇಳಬಾರ್ದು. ನಾ ನಡುವ "ಈ ವರ್ಷ" ಅಂತ ಬರದೆ, ಸುತ್ತ ಆರು ಟೊಂಗಿ ಬಂದ್ವು, ಆರೋಗ್ಯ, ರೊಕ್ಕ, ಮನಿ, ಮಕ್ಕಳು, ಓದು, ಸಂಗೀತ. ಕವಲು ಎಣಿಸಿದ್ರ 27. ವಾಕಿಂಗ್, ಪಿಎಫ್ ಕಾಗದ, ಹಿತ್ತಲ ಬಾಗಿಲಾ, ಹಲ್ಲಿನ ಡಾಕ್ಟರ್, ಹಾರ್ಮೋನಿಯಂ, ಏನೇನೋ.

ತಂದು ಅಡಗಿಮನಿ ಗ್ವಾಡಿಗೆ ಹಚ್ಚಿದೆ. ಬಂದವರೆಲ್ಲ ಚಂದ ಐತಿ ಅಂದ್ರು, ನಮ್ಮ ಅತ್ತಿಯವರು ರಂಗೋಲಿ ಡಿಸೈನ್ ಏನವಾ ಇದು ಅಂತ ಕೇಳಿದ್ರು. ಮೂರು ತಿಂಗಳು ಕಳೀತು, ಒಗ್ಗರಣಿ ಹೊಗಿಗೆ ಹಾಳಿ ಹಳದಿ ಆತು, 27ರಾಗ ಒಂದ ಕವಲಿನ ಕೆಲಸಾನೂ ಆಗಿರಲಿಲ್ಲ.

ಯಾಕ ಆಗ್ಲಿಲ್ಲ ಅಂತ ಒಂದಿನ ರೊಟ್ಟಿ ಬಡಕೋತ ಅದನ್ನ ನೋಡಿದಾಗ ತಿಳೀತು. ಆ ಚಿತ್ರದೊಳಗ ಟೈಮ್ ಅನ್ನೂದ ಇರೂದಿಲ್ಲರಿ. ಹಲ್ಲಿನ ಡಾಕ್ಟರ್ ಅಂದ್ರ ಒಂದು ತಾಸಿನ ಕೆಲಸ, ಹಾರ್ಮೋನಿಯಂ ಅಂದ್ರ ವರ್ಷಗಟ್ಟಲೆ, ಆದ್ರ ಹಾಳಿ ಮ್ಯಾಲೆ ಎರಡೂ ಎರಡಿಂಚಿನ ಗೆರಿ, ಒಂದೊಂದು ಶಬ್ದ. ಹಾಳಿ ಯಾವತ್ತೂ ಸಾಕು ಅನ್ನೂದಿಲ್ಲ, ನೀವು ಬರದಷ್ಟೂ ಹಿಡೀತೈತಿ, ವಾರ ಹಂಗ ಹಿಡಿಯೂದಿಲ್ಲ.

ಅವತ್ತ ರಾತ್ರಿ ಮಗಳ ರಫ್ ನೋಟ್‌ಬುಕ್ ತಗೊಂಡು ಲೆಕ್ಕಕ್ಕ ಕುಂತೆ. ವಾರಕ್ಕ 168 ತಾಸು. ನಿದ್ದಿ ದಿನಕ್ಕ 7 ಅಂದ್ರ 49 ಹೋತು. ಮುಂಜಾನೆ 9ಕ್ಕ ಮನಿ ಬಿಟ್ರ ಸಂಜಿ 7ಕ್ಕ ಬರಾಕಿ, ಆರು ದಿನ, 60. ಅಡಗಿ, ಬಾಂಡೆ, ಅರಬಿ, ಹೋಂವರ್ಕ್ ಎಲ್ಲಾ ಕೂಡಿ ದಿನಕ್ಕ 4, ಅಂದ್ರ 28. ಜಳಕ, ಊಟ, ನೀರು ತುಂಬೂದು, ಇನ್ನೊಂದು 14. ಉಳಿದಿದ್ದು 17 ತಾಸು. ಭಾಳ ಐತಲ್ಲ ಅಂತ ಖುಷಿ ಆತು, ಆಮ್ಯಾಲೆ ಮೊಬೈಲ್ ತಗದು ಸ್ಕ್ರೀನ್ ಟೈಮ್ ನೋಡಿದೆ, 10 ತಾಸು ಅಲ್ಲಿ ಕುಂತಿತ್ತು, ಆ ವಿಷಯ ಬ್ಯಾಡ ಬಿಡ್ರಿ. ಉಳದ 7ರಾಗ ಮದುವಿ, ಕಾರ್ಯ, ಬಂದವರು ಹೋದವರು ಅಂತ ಅರ್ಧ ತಗದಿಟ್ರ ನನ್ನ ಕೈಯಾಗ ಬರೋಬ್ಬರಿ ಮೂರೂವರೆ ತಾಸು. ಮೂರೂವರೆ ತಾಸಿಗೆ 27 ಕವಲು!

ಅದಕ್ಕ ಮೈಂಡ್ ಮ್ಯಾಪ್ ತಗದವರಿಗೆ ನಾ ಹೇಳೂದು, ಮುಂದಿನ ಕೆಲಸ ಹೊಸದು ಸೇರಸೂದಲ್ಲ, ಮೊದ್ಲ ನಿಮ್ಮ ವಾರದಾಗ ಖರೇನ ಎಷ್ಟು ಉಳಿತೈತಿ ನೋಡ್ರಿ, ಅಷ್ಟಕ್ಕ ಹಿಡಿಯೂವಂಥ ಎರಡು ಮೂರು ಕವಲು ಇಟ್ಕೊಂಡು ಉಳಿದವನ್ನ ಕಟ್ ಮಾಡ್ರಿ. ಪೂರ್ತಿ ಅಳಸಬ್ಯಾಡ್ರಿ, ಮನಸಿಗೆ ಸಂಕಟ ಆಗ್ತೈತಿ, ಸುತ್ತ ಪೆನ್ಸಿಲ್‌ಲೆ ಗೆರಿ ಹಾಕಿ "ಮುಂದ ನೋಡೂಣು" ಅಂತ ಬರೀರಿ. ನಾ ಮೂರ ಇಟ್ಕೊಂಡೆ, ಹಲ್ಲು, ಪಿಎಫ್, ಹಾರ್ಮೋನಿಯಂ. ಮೊದಲಿನ ಎರಡೂ ಕೆಲಸ ಒಂದ ವಾರದಾಗ ಮುಗದ್ವು, ಅದರಾಗ ಹೇಳೂವಂಥದ್ದು ಏನಿಲ್ಲ.

ಹಾರ್ಮೋನಿಯಂದು ಮಾತ್ರ ಕಥಿ ಐತಿ. ಅದು ನಮ್ಮಪ್ಪಂದು, ಭಜನಿಗೆ ಬಾರಸ್ತಿದ್ದ, ಅಂವಾ ಹೋದ ಮ್ಯಾಲೆ ಅಟ್ಟದ ಮ್ಯಾಲೆ ಹಳೇ ಗಾದಿ ಹಿಂದ ಕುಂತಿತ್ತು. "ಹಾರ್ಮೋನಿಯಂ ಕಲಿಬೇಕು" ಅಂತ ಡೈರಿಯೊಳಗ ನಾಕು ವಾರ ಬರದೆ, ನಾಕೂ ವಾರ ಹಂಗ ಮುಂದ ಹೋತು. ಯಾಕಂದ್ರ ಅದು ಮಾಡೂವಂಥ ಕೆಲಸನ ಅಲ್ಲ. ಕಲೀಬೇಕಂದ್ರ ಪೆಟ್ಟಿಗಿ ಬಾರಿಸಬೇಕು, ಬಾರಸಾಕ ರಿಪೇರಿ ಆಗಬೇಕು, ರಿಪೇರಿಗೆ ಒಯ್ಯಾಕ ಮೊದ್ಲ ಅಟ್ಟದಿಂದ ಇಳೀಬೇಕು, ಇಳಸಾಕ ನಾ ಒಬ್ಬಾಕಿ ಸಾಲೂದಿಲ್ಲ, ಮಗ ಬೇಕು, ಅಂವಾ ಬೆಳಗಾವಿಯಿಂದ ಶನಿವಾರ ರಾತ್ರಿ ಬರ್ತಾನ. ಐದನೇ ವಾರ ಡೈರಿಯೊಳಗ ಹಿಂಗ ಬರದೆ, "ರವಿವಾರ ನಾಷ್ಟಾ ಆದ ಕೂಡ್ಲೆ ಮಗನ್ನ ಕರಕೊಂಡು ಸ್ಟೂಲ್ ಹಾಕಿ ಪೆಟ್ಟಿಗಿ ಇಳಸೂದು." ಹತ್ತು ನಿಮಿಷದಾಗ ಇಳೀತ್ರಿ. ಧೂಳು ಒರಸಿ ತಗದು ನೋಡಿದ್ರ ತಿದಿಗೆ ಇಲಿ ತೂತು ಮಾಡಿತ್ತು, ಒಳಗ ನಮ್ಮಪ್ಪನ ಕೈಬರಹದ ಒಂದು ಚೀಟಿ, ಭಜನಿ ಪದದ ಎರಡು ಸಾಲು. ಅವತ್ತ ಮತ್ತೇನೂ ಕೆಲಸ ಆಗ್ಲಿಲ್ಲ.

ರಿಪೇರಿಯವರು ಎಂಟು ದಿನ ಅಂದ್ರು, ನಾನೂ ಎಂಟು ದಿನ ಅಂತ ಬರಕೊಂಡೆ, ಇಪ್ಪತ್ತೆರಡು ದಿನ ಆತು. ಅವರನ್ನ ಯಾಕ ಬೈಬೇಕು, ನಾವೆಲ್ಲರೂ ಹಂಗ. ಇದಕ್ಕ 1979ರಾಗ ಡೇನಿಯಲ್ ಕಾನಮನ್ ಮತ್ತ ಏಮೋಸ್ ಟ್ವೆರ್ಸ್ಕಿ ಅನ್ನೋ ಮನಶ್ಶಾಸ್ತ್ರಜ್ಞರು ಪ್ಲಾನಿಂಗ್ ಫ್ಯಾಲಸಿ ಅಂತ ಹೆಸರು ಇಟ್ರು, ಅಂದ್ರ ನಮ್ಮ ಕೆಲಸಕ್ಕ ಎಷ್ಟು ದಿನ ಬೇಕು ಅಂತ ಹೇಳೂವಾಗ ನಾವು ಭಾಳ ಸಲ ಕಡಿಮಿನ ಹೇಳ್ತೀವಿ. 1994ರಾಗ ಕೆನಡಾದ ಸಂಶೋಧಕರು ವಿದ್ಯಾರ್ಥಿಗಳನ್ನ ಕೇಳಿದ್ರು, ನಿಮ್ಮ ಥೀಸಿಸ್ ಯಾವಾಗ ಮುಗೀತೈತಿ ಅಂತ. ಸರಾಸರಿ ಸುಮಾರು 34 ದಿನ ಅಂದ್ರು, ತಗೊಂಡಿದ್ದು 55 ದಿನದ ಮ್ಯಾಲೆ. ಇದಕ್ಕ ಉಪಾಯ ಅಂದ್ರ, ಈ ಸಲ ಎಷ್ಟು ದಿನ ಬೇಕಾದೀತು ಅಂತ ಊಹಾ ಮಾಡೂದು ಬಿಟ್ಟು ಹೋದ ಸಲ ಇಂಥದ್ದಕ್ಕ ಎಷ್ಟು ದಿನ ಹಿಡದಿತ್ತು ಅಂತ ನೆನಸ್ಕೊಳ್ಳೂದು. ನಮ್ಮ ಹಿತ್ತಲ ಬಾಗಿಲಕ್ಕ ಬಡಿಗ್ಯಾರು ಎಷ್ಟು ದಿನ ತಗೊಂಡ್ರು ಅನ್ನೂದನ್ನ ನಾ ಆಗ ನೆನಸಿದ್ರ ಸಾಕಿತ್ತು.

ಪೆಟ್ಟಿಗಿ ಮನಿಗೆ ಬಂತು, ಆದ್ರ ಕುಂದರೂದು ಯಾವಾಗ. "ಟೈಮ್ ಸಿಕ್ಕಾಗ" ಅಂದ್ರ ಟೈಮ್ ಸಿಗೂದಿಲ್ಲ. ಪೀಟರ್ ಗೋಲ್ವಿಟ್ಸರ್ ಅಂತ ಒಬ್ಬ ಜರ್ಮನ್ ಮನಶ್ಶಾಸ್ತ್ರಜ್ಞರು ಹೇಳೂದು, ಬರೇ ಮಾಡ್ತೀನಿ ಅನಬ್ಯಾಡ್ರಿ, ಹಿಂಗಾದ್ರ ಹಿಂಗ ಮಾಡ್ತೀನಿ ಅಂತ ಮೊದ್ಲ ಗಂಟು ಹಾಕಿ ಇಡ್ರಿ. ಹಂಗಾಗಿ ನಂದು ಈಗ ಹಿಂಗೈತಿ, ಸೋಮವಾರ, ಬುಧವಾರ, ಶುಕ್ರವಾರ ಸಂಜಿ ಚಹಾದ ಕಪ್ಪು ಕೆಳಗಿಟ್ಟ ಕೂಡ್ಲೆ ಪೆಟ್ಟಿಗಿ ಮುಂದ 20 ನಿಮಿಷ. ಯಾರರ ಬಂದಿದ್ರ ಐದ ನಿಮಿಷ, ಬರೇ ಸಾ ಹಿಡದು ಎದ್ದುಬಿಡೂದು. ಕರೆಂಟ್ ಹೋತು ಅನ್ನೋ ನೆಪಾ ಇದಕ್ಕ ನಡಿಯೂದಿಲ್ಲ, ಅದೊಂದು ತ್ರಾಸು. ಮೂರು ವಾರ ಬಿಟ್ಟೂ ಹೋಗೇತಿ, ಮನ್ಯಾಗ ಜ್ವರ ಇದ್ದಾಗ, ಅದಕ್ಕ ರವಿವಾರ ರಾತ್ರಿ ಡೈರಿ ತಗದು ಮುಂದಿನ ವಾರದ ದಿನಾ ಮತ್ತ ಬರಕೋತೀನಿ, ಹಳೇದನ್ನ ಸಾಲದಂಗ ಹೊತ್ಕೊಂಡು ಹೋಗೂದಿಲ್ಲ.

ಈಗ ಅಲಂಕಾರ, ಅಂದ್ರ ಸ್ವರದ ಪಾಠ, ನಾಕು ಬರ್ತಾವ. ಒಂದು ನಿಷಾದ, ಅಂದ್ರ ನಿ ಸ್ವರ, ಇನ್ನೂ ಗೊರಗೊರ ಅಂತೈತಿ, ಒಳಗ ಸ್ವರ ಹೊಂಡಸೂ ಪಟ್ಟಿ, ರೀಡ್ ಅಂತಾರಲ್ಲ, ಅದನ್ನ ಬದಲಿ ಮಾಡಬೇಕಂತ. ರಿಪೇರಿಯವರು ನಾಳೆ ಬುಧವಾರ ಬರ್ರಿ ಅಕ್ಕಾರ ಅಂದಾರ. ನಾ ಡೈರಿಯೊಳಗ ಅದರ ಮುಂದಿನ ಬುಧವಾರ ಅಂತ ಬರಕೊಂಡೇನಿ. ನಮಸ್ಕಾರ್ರಿ.